ಉದ್ದಂಡತೆಯ ಆಂಗ್ಲ ಪದಗಳು ಮತ್ತು ಜನಸಂದಣಿಯ ಆರೋಗ್ಯ

ಕಟ್ಟುಮೀರಿದ ವರ್ತನೆ, ಅವ್ಯವಸ್ಥೆ, ಪುಂಡಾಟ ಇವುಗಳನ್ನು ಸೂಚಿಸುವ ಪದಗಳ ಭಂಡಾರ ಆಂಗ್ಲಭಾಷೆಯಲ್ಲಿ ಬಹು ದೊಡ್ಡದು. ಮಹಾನಗರದಲ್ಲಿ ನೆಲೆಸಿದ ಕನ್ನಡಿಗರು ದಿನವೂ ಓದುವ ಪತ್ರಿಕೆ ಹೆಚ್ಚಾಗಿ ಇಂಗ್ಲಿಷಿನದೇ ಆಗಿರುವುದರಿಂದ ವೈಲ್ಡ್, ರೌಡಿ, ಮಾಬ್, ರಯಟ್, ಪ್ಯಾನಿಕ್, ಸ್ಟಾಂಪೀಡ್ ಮುಂತಾದ ಮಾತುಗಳು ಮಕ್ಕಳ ಬಾಯಲ್ಲೂ ಸಲೀಸಾಗಿ ಬರುತ್ತವೆ. ಇವುಗಳ ಅರ್ಥ ನಿಘಂಟಿನಲ್ಲಿದೆ. ಆದರೆ ಪ್ರತಿಯೊಂದು ಪದದ ಬೆನ್ನಿನ ಮೇಲೂ ಒಂದು ತೀರ್ಪಿನ ಹೊರೆಯಿದೆ. ಅದನ್ನು ನಿಘಂಟು ಸಾಮಾನ್ಯವಾಗಿ ಹೇಳುವುದಿಲ್ಲ. ಜನ ಸೇರಿದ ಸ್ಥಳಗಳಲ್ಲಿ ಆಗುವ ದುರಂತಗಳ ವಿಷಯದಲ್ಲಿ ಈ ತೀರ್ಪು ಎಷ್ಟೋ ವೇಳೆ ತಪ್ಪಾಗಿರುತ್ತದೆ, ಆ ತಪ್ಪಿನಿಂದ ಮುಂದಿನ ದುರಂತಕ್ಕೆ ದಾರಿಯಾಗುತ್ತದೆ. ಆದುದರಿಂದ ಈ ಪದಗಳ ವಿಚಾರವನ್ನು ಆರೋಗ್ಯದ ಪುಟಗಳಲ್ಲಿಯೇ ಎತ್ತಿಕೊಳ್ಳುವುದು ಅನುಚಿತವಾಗಲಾರದು.

ಸಿಂಹಾಚಲದ ಸಾಲು

ವಿಶಾಖಪಟ್ಟಣದ ಸಮೀಪದ ಸಿಂಹಾಚಲವು ವರಾಹ ನರಸಿಂಹಸ್ವಾಮಿಯ ಕ್ಷೇತ್ರ. ವಿಜಯನಗರದ ಕೃಷ್ಣದೇವರಾಯನು ಕಳಿಂಗ ದಂಡಯಾತ್ರೆಯ ಸಂದರ್ಭದಲ್ಲಿ, 1516ರಲ್ಲಿ, ಈ ಬೆಟ್ಟವನ್ನೇರಿ ಸ್ವಾಮಿಗೆ ಆಭರಣಗಳನ್ನು ಅರ್ಪಿಸಿದ ಸಂಗತಿ ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಕನ್ನಡ ನಾಡಿಗೂ ಈ ಬೆಟ್ಟಕ್ಕೂ ಇರುವ ನಂಟು ಹಳೆಯದು. ವರ್ಷದ ಉಳಿದ ದಿನಗಳಲ್ಲೆಲ್ಲ ಮೂರ್ತಿಯು ಗಂಧದ ಲೇಪದೊಳಗೆ ಮರೆಯಾಗಿದ್ದು ಲಿಂಗಾಕಾರವಾಗಿ ತೋರುತ್ತದೆ. ಸ್ವಾಮಿಯ ಉಗ್ರತೆಯನ್ನು ತಣಿಸುವುದಕ್ಕಾಗಿ ಈ ಲೇಪನ ಎಂದು ಭಕ್ತರ ನಂಬಿಕೆ. ವೈಶಾಖ ಶುದ್ಧ ತದಿಗೆಯಂದು, ಅಂದರೆ ಅಕ್ಷಯ ತೃತೀಯದ ದಿನ, ಲೇಪವನ್ನು ತೆಗೆದು ನಿಜರೂಪದ ದರ್ಶನ ಮಾಡಿಸುತ್ತಾರೆ. ಇದೇ ಚಂದನೋತ್ಸವ. ವರ್ಷದ ಹಂಬಲವೆಲ್ಲ ಒಂದೇ ಹಗಲಿಗೆ ಬಂದು ನಿಲ್ಲುವುದರಿಂದ ಅಂದು ಬೆಟ್ಟದ ಮೇಲೆ ಸೇರುವ ಜನ ಲಕ್ಷದ ಲೆಕ್ಕದಲ್ಲಿರುತ್ತದೆ.

(ಉಗ್ರ ಎಂಬ ಮಾತನ್ನು ಇಂಗ್ಲಿಷಿನವರು ವೈಲ್ಡ್ ಎಂದೋ ಫೆರೋಷಿಯಸ್ ಎಂದೋ ಅನುವಾದಿಸುವುದುಂಟು. ನಮ್ಮಲ್ಲಿ ಉಗ್ರತೆಯೆಂದರೆ ಹದ್ದುಮೀರಿದ ಗೊಂದಲವಲ್ಲ. ಅದಕ್ಕೆ ಕಾರಣವಿದೆ, ಗುರಿಯಿದೆ, ಗಂಧ ಹಚ್ಚಿದರೆ ತಣಿಯುವ ಗುಣವೂ ಇದೆ. ಅನುವಾದದಲ್ಲಿ ಇಷ್ಟೂ ಸೋರಿಹೋಗುತ್ತದೆ.)

2025ನೆಯ ಇಸವಿಯ ಏಪ್ರಿಲ್ 30ರಂದು ಚಂದನೋತ್ಸವ ಬಂದಿತ್ತು. ಇನ್ನೂ ಬೆಳಕು ಹರಿಯದ ಹೊತ್ತು, ಗಾಳಿಮಳೆ ಸುರಿಯುತ್ತಿತ್ತು. 300 ರೂಪಾಯಿ ಟಿಕೆಟ್ಟಿನ ಸಾಲಿನ ಪಕ್ಕದಲ್ಲಿ ಸ್ವಲ್ಪ ಕಾಲದ ಹಿಂದಷ್ಟೇ ಕಟ್ಟಿದ್ದ ಗೋಡೆ ಕುಸಿದು ಸಾಲಿನಲ್ಲಿ ನಿಂತವರ ಮೇಲೆ ಬಿತ್ತು. ಏಳು ಮಂದಿ ಅಸುನೀಗಿದರು. ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು, ಕೆಲವು ಅಧಿಕಾರಿಗಳು ಅಮಾನತಾದರು. ಅಲ್ಲಿ ಮಡಿದವರು ದಾಂಧಲೆ ಮಾಡಿದವರಲ್ಲ. ಟಿಕೆಟ್ಟು ಕೊಂಡು, ಸರದಿಯಲ್ಲಿ ನಿಂತು, ಮಳೆಯಲ್ಲಿ ನೆನೆಯುತ್ತ ಕಾದವರು. ಹೀಗಿದ್ದೂ ದೇವಸ್ಥಾನದ ಜಾತ್ರೆಯಲ್ಲಿ ಜನ ಸತ್ತರೆಂಬ ಸುದ್ದಿ ಕಿವಿಗೆ ಬಿದ್ದೊಡನೆ, ದೂರದಲ್ಲಿರುವವರ ನಾಲಗೆಯ ಮೇಲೆ ತಾನಾಗಿ ಬರುವ ಪದ ಸ್ಟಾಂಪೀಡ್. ಗೋಡೆ ಬಿದ್ದರೂ ಅದೇ, ಬೇಲಿ ಮುರಿದರೂ ಅದೇ, ಬಾಗಿಲು ತೆರೆಯದೆ ಹೋದರೂ ಅದೇ.

ಪದಗಳ ಕುಲಗೋತ್ರ

ಸ್ಟಾಂಪೀಡ್ ಎಂಬುದು ಇಂಗ್ಲಿಷಿಗೆ ಬಂದು ಎರಡು ಶತಮಾನವಾಗಿರಬಹುದಷ್ಟೆ. ಮೆಕ್ಸಿಕೋ ಪ್ರಾಂತ್ಯದ ಸ್ಪ್ಯಾನಿಷ್ ಮಾತಾದ ಎಸ್ಟಂಪೀಡಾ ಅದರ ಮೂಲ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಗುಡುಗಿಗೋ ಸಿಡಿಲಿಗೋ ಬೆದರಿದ ದನದ ಹಿಂಡು ಕಂಡತ್ತ ಓಡುವುದಕ್ಕೆ ಆ ಹೆಸರು. ಬಳಿಕ ಅದು ಮನುಷ್ಯರಿಗೂ ಅಂಟಿಕೊಂಡಿತು. ಪದವನ್ನು ಬಳಸುವವರು ದನವನ್ನು ನೆನೆಯದಿರಬಹುದು. ದನದ ಗುಣ ಮಾತ್ರ ಪದದೊಳಗೆ ಉಳಿದೇ ಇದೆ. ಬುದ್ಧಿಯಿಲ್ಲದ ಹಿಂಡು, ಕಾರಣವಿಲ್ಲದ ಓಟ, ಕಾಲಡಿಗೆ ಸಿಕ್ಕಿದ್ದೆಲ್ಲ ಪುಡಿ.

ಪ್ಯಾನಿಕ್ ಎಂಬುದು ಗ್ರೀಕರ ಪಾನ್ ದೇವತೆಯಿಂದ ಬಂದದ್ದು. ಆಡಿನ ಕಾಲು, ಆಡಿನ ಕೊಂಬುಳ್ಳ ಈ ಕಾಡುದೇವತೆ ನಿರ್ಜನ ಪ್ರದೇಶದಲ್ಲಿ ಹೋಗುವವರಿಗೆ ಕಾರಣವಿಲ್ಲದ ಭಯವನ್ನು ಹುಟ್ಟಿಸುತ್ತಾನೆಂದು ಅವರ ಭಾವನೆ. ನಮ್ಮ ಹಳ್ಳಿಗಳಲ್ಲಿ ಗಾಳಿ ಹಿಡಿಯಿತು ಎನ್ನುವುದಕ್ಕೆ ಇದು ತೀರ ದೂರವಲ್ಲ. ಮಾಬ್ ಎಂಬುದು 17ನೆಯ ಶತಮಾನದ ಕೊನೆಯಲ್ಲಿ ಲ್ಯಾಟಿನ್ನಿನ ಮೊಬಿಲೆ ವಲ್ಗುಸ್, ಅಂದರೆ ಚಂಚಲರಾದ ಸಾಮಾನ್ಯ ಜನ, ಎಂಬ ನುಡಿಗಟ್ಟನ್ನು ಕತ್ತರಿಸಿ ಮಾಡಿಕೊಂಡ ಪದ. ಮೇಲಿನವರು ಕೆಳಗಿನವರನ್ನು ನೋಡುವ ನೋಟ ಅದರ ಹುಟ್ಟಿನಲ್ಲೇ ಇದೆ. ರಯಟ್ ಪದಕ್ಕೆ ಕಾನೂನಿನ ಬೆಂಬಲ ಸಿಕ್ಕಿತು. ಬ್ರಿಟನ್ನಿನಲ್ಲಿ 1715ರಿಂದ ಜಾರಿಗೆ ಬಂದ ರಯಟ್ ಆಕ್ಟಿನಂತೆ ಹನ್ನೆರಡು ಅಥವಾ ಅದಕ್ಕೆ ಮೇಲ್ಪಟ್ಟ ಮಂದಿ ಗುಂಪುಗೂಡಿ ಗದ್ದಲವೆಬ್ಬಿಸಿದರೆ ಅಧಿಕಾರಿ ಘೋಷಣೆಯನ್ನು ಓದಿ ಹೇಳುತ್ತಿದ್ದ. ಒಂದು ಗಂಟೆಯೊಳಗೆ ಚದುರದಿದ್ದರೆ ಘೋರ ಅಪರಾಧ. ಮಕ್ಕಳನ್ನು ಗದರಿಸುವಾಗ ಇಂಗ್ಲಿಷಿನವರು ಇಂದಿಗೂ ರಯಟ್ ಆಕ್ಟ್ ಓದುವ ಮಾತಾಡುವುದು ಇದರಿಂದಲೇ. ನಮ್ಮ ದೇಶದ ಕಾನೂನಿಗೆ ಅಕ್ರಮ ಕೂಟವೆನ್ನಲು ಐದು ಮಂದಿ ಸಾಕು.

ಇನ್ನು ಕೆಲವು ಪದಗಳು ಆಸ್ಪತ್ರೆಯ ಬಾಗಿಲಿನಿಂದ ಹೊರಬಂದವು. ಬೆಡ್ಲಂ ಎಂದರೆ ಕಿವಿಗಡಚಿಕ್ಕುವ ಗೊಂದಲ. 1247ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬೆತ್ಲೆಹೆಂ ಮಠ ಮುಂದೆ ಮನೋರೋಗಿಗಳ ಆಸ್ಪತ್ರೆಯಾಯಿತು. ಅಲ್ಲಿಯ ರೋಗಿಗಳ ಕೂಗಾಟವನ್ನು ನೋಡಲು ಊರಿನ ಶ್ರೀಮಂತರು ವಿನೋದಕ್ಕಾಗಿ ಹೋಗುತ್ತಿದ್ದ ಕಾಲವಿತ್ತು. ಹೆಸರು ಜನರ ಬಾಯಲ್ಲಿ ಸವೆದು ಬೆಡ್ಲಂ ಆಯಿತು. ಸರಪಳಿಯಲ್ಲಿದ್ದವರ ಸಂಕಟ ನೋಡುವವರ ಪಾಲಿಗೆ ಬರಿಯ ಗದ್ದಲವಾಯಿತು. ಡಿಲೀರಿಯಂ ಎಂಬುದರ ಮೂಲಾರ್ಥ ನೇಗಿಲು ಸಾಲು ಬಿಟ್ಟು ಹೋಗುವುದು. ವೈದ್ಯರಿಗೆ ಇಂದೂ ಇದು ಬಹು ಮುಖ್ಯ ಪದ: ನಿನ್ನೆಯವರೆಗೆ ಚೆನ್ನಾಗಿದ್ದ ವೃದ್ಧರು ಇಂದು ಏಕಾಏಕಿ ಅಸಂಬದ್ಧವಾಗಿ ಮಾತಾಡತೊಡಗಿದರೆ ಅದಕ್ಕೆ ಮೂತ್ರದ ಸೋಂಕೋ, ರಕ್ತದಲ್ಲಿ ಲವಣಾಂಶದ ಕೊರತೆಯೋ, ಔಷಧಿಯ ದೋಷವೋ ಕಾರಣವಾಗಿರಬಹುದು. ಅದನ್ನು ಮುಪ್ಪಿನ ಮರುಳೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾರತದಿಂದ ಹೋದ ಪದಗಳೂ ಈ ಭಂಡಾರದಲ್ಲಿವೆ. ಠಗ್ ಇಂಗ್ಲಿಷಿಗೆ ಹೋಗಿ ಕ್ರೂರ ಪುಂಡನಾದ. ಅದರ ಬಂಧುವಾದ ಕನ್ನಡದ ಠಕ್ಕ ಇಂದಿಗೂ ಬರಿಯ ಮೋಸಗಾರ, ಒಮ್ಮೊಮ್ಮೆ ಮುದ್ದಿನ ಬೈಗುಳ ಕೂಡ. ಗೂಂಡಾ ಇಂಗ್ಲಿಷ್ ಪತ್ರಿಕೆಗಳಿಗೂ ಸೇರಿತು, ಕರ್ನಾಟಕದ 1985ರ ಶಾಸನವೊಂದರ ಹೆಸರಿನೊಳಗೂ ಸೇರಿತು. ಇದಕ್ಕೆ ಬದಲಾಗಿ ಅಮೆರಿಕದಿಂದ ಬಂದ ರೌಡಿ ಕನ್ನಡ ಮತ್ತು ತೆಲುಗು ಎರಡರಲ್ಲೂ ಮನೆಮಗನಂತೆ ತಳವೂರಿದೆ. ಪೊಲೀಸು ಠಾಣೆಯಲ್ಲಿ ರೌಡಿ ಪಟ್ಟಿ, ಬೆಳ್ಳಿತೆರೆಯ ಮೇಲೆ ರೌಡಿ ನಾಯಕ. ಆದರೆ ಈ ಲೇಖನಕ್ಕೆ ಹೆಚ್ಚು ಸಂಬಂಧಪಟ್ಟ ರಫ್ತು ಬೇರೊಂದಿದೆ.

ರಥದ ಅಪವಾದ

ಸಿಂಹಾಚಲದ ಕರಾವಳಿಯಲ್ಲೇ ಉತ್ತರಕ್ಕೆ ಸಾಗಿದರೆ ಪುರಿ. ಅಲ್ಲಿಯ ಜಗನ್ನಾಥನ ಹೆಸರು ಇಂಗ್ಲಿಷಿನಲ್ಲಿ ಜಗರ್ನಾಟ್ ಆಗಿ, ಅಡ್ಡ ಬಂದದ್ದನ್ನೆಲ್ಲ ಅರೆದುಹಾಕುವ ಕುರುಡು ಶಕ್ತಿ ಎಂಬ ಅರ್ಥವನ್ನು ಪಡೆಯಿತು. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಟಲಿಯ ಪಾದ್ರಿ ಓಡೊರಿಕನ ಪ್ರವಾಸಕಥನದಲ್ಲಿ ಭಕ್ತರು ತಾವಾಗಿ ರಥದ ಗಾಲಿಗೆ ಬಿದ್ದು ಸಾಯುತ್ತಾರೆಂಬ ವರ್ಣನೆ ಬರುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಪುರಿಯನ್ನು ಕಂಡ ಕ್ಲಾಡಿಯಸ್ ಬುಕಾನನ್ ಮೊದಲಾದವರ ಬರಹಗಳಿಂದ ಈ ಚಿತ್ರ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಮುಂದೆ ಡಬ್ಲ್ಯು. ಡಬ್ಲ್ಯು. ಹಂಟರ್ ಒರಿಸ್ಸಾ ಕುರಿತ ತನ್ನ 1872ರ ಗ್ರಂಥದಲ್ಲಿ ದಾಖಲೆಗಳನ್ನು ಪರಿಶೀಲಿಸಿ, ಇದು ಬಹುಮಟ್ಟಿಗೆ ಸುಳ್ಳು ಅಪವಾದವೆಂದು ಬರೆದ. ಸಾವುಗಳಲ್ಲಿ ಹೆಚ್ಚಿನವು ಜನದಟ್ಟಣೆಯಲ್ಲಿ ಆದ ಅಪಘಾತಗಳೆಂಬುದು ಅವನ ನಿರ್ಣಯ. ಗ್ರಂಥ ಕಪಾಟಿನಲ್ಲಿ ಉಳಿಯಿತು, ಪದ ಜಗತ್ತನ್ನೆಲ್ಲ ಸುತ್ತಿತು. ಇಕ್ಕಟ್ಟಿನಲ್ಲಿ ಕಾಲು ಜಾರಿ ಬಿದ್ದವನನ್ನು ಹುಚ್ಚು ಭಕ್ತನೆಂದು ಹೆಸರಿಟ್ಟು ಕರೆದ ಮೇಲೆ ದಾರಿಯನ್ನು ಅಗಲ ಮಾಡುವ ಯೋಚನೆ ಯಾರಿಗೆ ಬಂದೀತು? 2025ರ ಜೂನ್ 29ರಂದು ಅದೇ ಪುರಿಯ ಗುಂಡಿಚಾ ಮಂದಿರದ ಬಳಿ ರಥಯಾತ್ರೆಯ ಜನದಟ್ಟಣೆಯಲ್ಲಿ ಮೂವರು ಪ್ರಾಣ ಬಿಟ್ಟರು.

ಜನರು ಗುಂಪಾದೊಡನೆ ವಿವೇಕ ಕಳೆದುಕೊಳ್ಳುತ್ತಾರೆಂಬ ಈ ಅಭಿಪ್ರಾಯಕ್ಕೆ ಶಾಸ್ತ್ರದ ಉಡುಪು ತೊಡಿಸಿದವನು ಫ್ರಾನ್ಸಿನ ಗುಸ್ತಾವ್ ಲ ಬಾನ್. ಗುಂಪಿನ ಮನಸ್ಸನ್ನು ಕುರಿತ ಅವನ ಪುಸ್ತಕ 1895ರಲ್ಲಿ ಪ್ರಕಟವಾಯಿತು. ವಿಪತ್ತುಗಳಲ್ಲಿ ಬದುಕುಳಿದವರನ್ನು ಮಾತಾಡಿಸಿ ಅಧ್ಯಯನ ಮಾಡಿದ ಈಚಿನ ಮನಶ್ಶಾಸ್ತ್ರಜ್ಞರು ಕಂಡದ್ದು ಬಹುಪಾಲು ಇದಕ್ಕೆ ವಿರುದ್ಧ. ಉಸಿರು ಕಟ್ಟುತ್ತಿರುವಾಗಲೂ ಜನರು ಅಪರಿಚಿತರನ್ನು ಎತ್ತಿ ಹಿಡಿದ, ಮಕ್ಕಳನ್ನು ತಲೆಯ ಮೇಲಿನಿಂದ ಹೊರಗೆ ದಾಟಿಸಿದ ನಿದರ್ಶನಗಳು ಹೇರಳವಾಗಿವೆ.

ಒಂದು ಪದದ ವಿರುದ್ಧ ಇಪ್ಪತ್ತೇಳು ವರ್ಷ

ತಪ್ಪು ಪದದ ಬೆಲೆಯೆಷ್ಟೆಂಬುದಕ್ಕೆ ಇಂಗ್ಲೆಂಡಿನದೇ ಒಂದು ಪ್ರಕರಣವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಬಂದವರು ಹೊರಗೆ ಇಕ್ಕಟ್ಟಾದ ಪ್ರವೇಶದ್ವಾರಗಳಲ್ಲಿ ಸಿಲುಕಿದರು. ಪೊಲೀಸರು ದೊಡ್ಡ ಬಾಗಿಲೊಂದನ್ನು ತೆರೆಸಿದರು. ಒಳಗೆ ಬಂದವರನ್ನು ಎದುರಿಗಿದ್ದ ಸುರಂಗದ ಹಾದಿ ನೇರವಾಗಿ ಆಗಲೇ ತುಂಬಿಹೋಗಿದ್ದ, ಕಂಬಿಬೇಲಿಯ ಕಟಾಂಜನಕ್ಕೆ ಒಯ್ದಿತು. ಆ ಸುರಂಗವನ್ನು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸತ್ತವರ ಸಂಖ್ಯೆ 97ಕ್ಕೆ ಮುಟ್ಟಿತು. ಆದರೆ ಮರುದಿನಗಳಲ್ಲಿ ಹೊರಟ ಪದ ಹೂಲಿಗನ್. ಕುಡಿದು ಬಂದ ಪುಂಡರು ಬಾಗಿಲು ಮುರಿದರೆಂಬ ಕಥೆ. ಸತ್ತವರ ರಕ್ತದಲ್ಲಿ, ಮಕ್ಕಳ ರಕ್ತದಲ್ಲಿ ಕೂಡ, ಮದ್ಯದ ಅಂಶವನ್ನು ಪರೀಕ್ಷಿಸಿದರು. ಅದೇ ವರ್ಷ ನ್ಯಾಯಮೂರ್ತಿ ಟೇಲರ್ ಅವರ ವರದಿ ಪೊಲೀಸು ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣವೆಂದು ಹೇಳಿದರೂ ಆ ಪದ ಅಳಿಯಲಿಲ್ಲ. ಮಡಿದವರ ಮನೆಯವರು ಬಿಡದೆ ಹೋರಾಡಿದ ಫಲವಾಗಿ 2016ರಲ್ಲಿ ಜ್ಯೂರಿಯು, ಇವು ಕಾನೂನುಬಾಹಿರ ಹತ್ಯೆಗಳೆಂದೂ ಪ್ರೇಕ್ಷಕರ ವರ್ತನೆಯಿಂದ ಅಪಾಯ ಉಂಟಾಗಲಿಲ್ಲವೆಂದೂ ತೀರ್ಮಾನ ಕೊಟ್ಟಿತು. ಇಪ್ಪತ್ತೇಳು ವರ್ಷ ಬೇಕಾಯಿತು.

ದೇಹದೊಳಗೆ ನಡೆಯುವುದೇನು?

ಇಲ್ಲಿ ವೈದ್ಯಶಾಸ್ತ್ರದ ಮಾತು ಮುಖ್ಯ. ಜನದಟ್ಟಣೆಯ ದುರಂತಗಳಲ್ಲಿ ಕಾಲ್ತುಳಿತದಿಂದ ಸತ್ತರೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬಹುಮಂದಿ ಸಾಯುವುದು ಉಸಿರು ಕಟ್ಟಿ, ಎಷ್ಟೋ ವೇಳೆ ನಿಂತ ನಿಲುವಿನಲ್ಲೇ. ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ 1971ರ ಜನವರಿ 2ರಂದು 66 ಮಂದಿ ಮಡಿದಾಗಲೂ ಹೆಚ್ಚಿನವರಿಗೆ ಉಸಿರುಗಟ್ಟುವಿಕೆಯೇ ಮೃತ್ಯುವಾಗಿತ್ತು.

ಉಸಿರೆಳೆದುಕೊಳ್ಳುವಾಗ ಪಕ್ಕೆಲುಬಿನ ಗೂಡು ಮುಂದಕ್ಕೂ ಅಕ್ಕಪಕ್ಕಕ್ಕೂ ಹಿಗ್ಗಬೇಕು, ವಪೆಯು ಕೆಳಗಿಳಿಯಬೇಕು. ಆಗಲೇ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಎದೆಯನ್ನೂ ಬೆನ್ನನ್ನೂ ಜನರು ಅದುಮಿದಾಗ ಬಾಯಿ ಮೂಗು ತೆರೆದೇ ಇದ್ದರೂ ಗೂಡು ಹಿಗ್ಗುವುದಕ್ಕೆ ಎಡೆಯಿರುವುದಿಲ್ಲ. ಉಸಿರು ಬಿಡಬಹುದು, ಮತ್ತೆ ಎಳೆಯಲಾಗದು. ಕೂಗಿದರೆ ಇದ್ದ ಗಾಳಿಯೂ ಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು ಬೇಗನೆ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಹೀಗೆಯೇ ಕಳೆದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಗಿಡ್ಡವಾಗಿರುವ ಹೆಂಗಸರು, ಮಕ್ಕಳು, ವೃದ್ಧರ ಎದೆ ಇತರರ ಮೊಣಕೈ ಮತ್ತು ಹೆಗಲುಗಳ ಮಟ್ಟದಲ್ಲಿರುವುದರಿಂದ ಅವರಿಗೆ ಅಪಾಯ ಹೆಚ್ಚು.

ಇದು ಯಾವಾಗ ಒದಗುತ್ತದೆಂಬುದಕ್ಕೂ ಒಂದು ಲೆಕ್ಕವಿದೆ. ಒಂದು ಚದರ ಮೀಟರಿನಲ್ಲಿ ಇಬ್ಬರಿದ್ದರೆ ಆರಾಮವಾಗಿ ನಡೆಯಬಹುದು. ನಾಲ್ವರಾದರೆ ನಡಿಗೆ ನಿಧಾನವಾಗುತ್ತದೆ. ಆರೇಳು ಮಂದಿಯಾದರೆ ಜನರು ಬಿಡಿಬಿಡಿ ವ್ಯಕ್ತಿಗಳಾಗಿ ಉಳಿಯುವುದಿಲ್ಲ. ಇಡೀ ಸಮೂಹ ನೀರಿನಂತೆ ವರ್ತಿಸುತ್ತದೆ, ಒಂದು ಕಡೆಯ ತಳ್ಳಾಟ ಅಲೆಯಾಗಿ ಇನ್ನೊಂದು ಕಡೆಗೆ ಸಾಗುತ್ತದೆ. ಉಕ್ಕಿನ ಕಟಕಟೆಗಳೂ ಬಾಗುವಷ್ಟು ಬಲ ಅದಕ್ಕಿದೆ. ಈ ಸ್ಥಿತಿಯಲ್ಲಿ ಯಾರೂ ಓಡುತ್ತಿರುವುದಿಲ್ಲ, ಓಡಲು ಜಾಗವೆಲ್ಲಿದೆ? ಹಿಂದಿನವರಿಗೆ ಮುಂದೇನಾಗಿದೆಯೆಂದು ಕಾಣುವುದಿಲ್ಲ. ಅವರು ಅರ್ಧ ಹೆಜ್ಜೆ ಮುಂದಿಡುತ್ತಾರಷ್ಟೆ. ನೂರಾರು ಅರ್ಧ ಹೆಜ್ಜೆಗಳ ಭಾರ ಮುಂದಿನವರ ಎದೆಯ ಮೇಲೆ ಬೀಳುತ್ತದೆ.

ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರಂದು ನಡೆದದ್ದು ಇದೇ. ಮಳೆ ಬಂದುದರಿಂದ ಇಳಿಯುವವರು ಮೆಟ್ಟಿಲಲ್ಲೇ ನಿಂತರು, ರೈಲಿನಿಂದ ಬಂದವರು ಹಿಂದೆ ಸೇರುತ್ತಲೇ ಹೋದರು. 23 ಮಂದಿ ತೀರಿಕೊಂಡರು. ಹೂ ಬಿತ್ತೆಂದು ಯಾರೋ ಹಿಂದಿಯಲ್ಲಿ ಕೂಗಿದ್ದು ಸೇತುವೆ ಬಿತ್ತೆಂದು ಕೇಳಿಸಿತೆಂಬ ವೃತ್ತಾಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಫೂಲ್ ಮತ್ತು ಪುಲ್ ಎಂಬ ಎರಡು ಪದಗಳ ಈ ಕಥೆಯನ್ನು ಜನರು ಬಾಯಿ ಚಪ್ಪರಿಸಿ ಹೇಳಿದರು. ಕಿರಿದಾದ ಸೇತುವೆಗೆ ಅದರಿಂದ ಒಂದು ಅಡಿಯೂ ಅಗಲ ಬರಲಿಲ್ಲ. 2025ರಲ್ಲಿಯೇ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠ ಏಕಾದಶಿಯ ಟೋಕನ್ನಿಗಾಗಿ ಕಾದವರಲ್ಲಿ ಆರು ಮಂದಿ, ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ಮಡಿದರು. ಭಕ್ತರೂ ಅಭಿಮಾನಿಗಳೂ ಬೇರೆಬೇರೆ, ಶ್ವಾಸಕೋಶ ಒಂದೇ.

ಆದುದರಿಂದ ಈ ವಿಷಯವನ್ನು ಅಧ್ಯಯನ ಮಾಡುವವರು ಇಂಗ್ಲಿಷಿನಲ್ಲಿ ಸ್ಟಾಂಪೀಡ್ ಪದವನ್ನು ಬಿಟ್ಟು ಕ್ರಷ್ ಎಂಬುದನ್ನು ಬಳಸುತ್ತಾರೆ. ನಮ್ಮ ಪತ್ರಿಕೆಗಳ ಕಾಲ್ತುಳಿತ, ತೆಲುಗಿನ ತೊಕ್ಕಿಸಲಾಟ ಎರಡೂ ತುಳಿದವನ ಕಾಲನ್ನೇ ಮುಂದೆ ಮಾಡುತ್ತವೆ. ನೂಕುನುಗ್ಗಲು ಕೂಡ ನೂಕಿದವನನ್ನು ಹುಡುಕುತ್ತದೆ. ಕನ್ನಡದಲ್ಲಿ ಇಕ್ಕಟ್ಟು ಎಂಬ ಹಳೆಯ ಪದವಿದೆ. ಎರಡೂ ಕಡೆಯಿಂದ ಬಿಗಿದ ಸ್ಥಿತಿಯನ್ನು ಅದು ಹೇಳುತ್ತದೆ, ಯಾರನ್ನೂ ದೂರುವುದಿಲ್ಲ. ದಾರಿ ಎಷ್ಟು ಅಗಲವಿತ್ತು, ಬಾಗಿಲು ಯಾವಾಗ ತೆರೆಯಿತು, ಗೋಡೆಗೆ ತಳಪಾಯವಿತ್ತೇ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಇಕ್ಕಟ್ಟಿನ ಸಾವು ಎಂದು ಬರೆಯಲು ಪತ್ರಿಕೆಗಳಿಗೆ ಏನು ಅಡ್ಡಿಯೋ ತಿಳಿಯದು.

ಯಾತ್ರೆಗೆ ಹೊರಡುವವರಿಗೆ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜನ ಸೇರುವ ಸ್ಥಳಗಳ ನಿರ್ವಹಣೆಗೆ 2014ರಲ್ಲಿಯೇ ಮಾರ್ಗದರ್ಶಿಯೊಂದನ್ನು ಹೊರಡಿಸಿದೆ. ಅದನ್ನು ಪಾಲಿಸುವ ಹೊಣೆ ವ್ಯವಸ್ಥಾಪಕರದು. ಸಂಘದ ರಾಜ್ಯೋತ್ಸವಕ್ಕೆ ಬಾಡಿಗೆಯ ಸಭಾಂಗಣ ಹಿಡಿಯುವ ಕಾರ್ಯಕಾರಿ ಸಮಿತಿಯೂ ವ್ಯವಸ್ಥಾಪಕರ ಸಾಲಿಗೇ ಸೇರಿದ್ದು. ಊಟದ ಮನೆಗೆ ಒಂದೇ ಬಾಗಿಲಿದ್ದು ಅದರ ಎದುರಿಗೇ ಎಲೆಯಡಿಕೆಯ ಮೇಜು ಹಾಕುವ ಪದ್ಧತಿಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡುವುದು ಒಳ್ಳೆಯದು.

ಯಾತ್ರಿಕರು ಮಾಡಬಹುದಾದದ್ದು ಸ್ವಲ್ಪ. ಗರ್ಭಿಣಿಯರು, ಉಬ್ಬಸ ಅಥವಾ ಹೃದ್ರೋಗವಿರುವವರು, ಎಳೆಮಕ್ಕಳನ್ನು ಎತ್ತಿಕೊಂಡವರು ಚಂದನೋತ್ಸವದಂತಹ ದಿನಗಳನ್ನು ಬಿಟ್ಟು ಬೇರೆ ದಿನ ಹೋಗುವುದು ಲೇಸು; ಗಂಧಲೇಪದಲ್ಲಿರುವ ಸ್ವಾಮಿಯೂ ಸ್ವಾಮಿಯೇ. ಸಾಲಿಗೆ ಸೇರುವ ಮುನ್ನ ಹೊರಗೆ ಹೋಗುವ ದಾರಿಯನ್ನು ಕಣ್ಣಿಟ್ಟು ನೋಡಬೇಕು. ಕೈಯೆತ್ತಿ ಸ್ವಂತ ಮುಖವನ್ನು ಮುಟ್ಟಿಕೊಳ್ಳಲು ಅಡಚಣೆಯಾಗುತ್ತಿದೆಯೆಂದು ಕಂಡೊಡನೆ ದರ್ಶನದ ಆಸೆಯನ್ನು ಬಿಟ್ಟು ಅಂಚಿಗೆ ಸರಿಯಬೇಕು, ಏಕೆಂದರೆ ಆಮೇಲೆ ಸರಿಯಲು ಆಗುವುದಿಲ್ಲ. ಅಂಚಿಗೆ ಹೋಗುವುದೆಂದರೆ ಗೋಡೆ ಕಟಕಟೆಗಳಿಗೆ ಒರಗುವುದಲ್ಲ, ಬಯಲಿಗೆ ಬರುವುದು. ಅಲೆಯಲ್ಲಿ ಸಿಲುಕಿದರೆ ಎರಡು ಕೈಗಳನ್ನೂ ಮಡಿಸಿ ಮುಷ್ಟಿಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಒಂದಷ್ಟು ಜಾಗ ಉಳಿಸಿಕೊಳ್ಳಬೇಕು. ಅಲೆಯನ್ನು ಎದುರಿಸಿ ನಿಲ್ಲಬಾರದು. ಅದರೊಂದಿಗೆ ಸಾಗಿ, ಅದು ತಗ್ಗಿದಾಗ ಓರೆಯಾಗಿ ಹೊರಕ್ಕೆ ಸರಿಯಬೇಕು. ಚಪ್ಪಲಿಯಾಗಲಿ ಫೋನಾಗಲಿ ಬಿದ್ದರೆ ಬಗ್ಗಬಾರದು. ತಾವೇ ಬಿದ್ದು ಏಳಲಾಗದಿದ್ದರೆ ಒಂದು ಮಗ್ಗುಲಿಗೆ ಮುದುಡಿ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು. ಕೂಗಾಡದೆ ಮೂಗಿನಿಂದ ಉಸಿರಾಡಬೇಕು.

ಹೊರತೆಗೆದವರು ಉಸಿರಾಡದಿದ್ದರೆ ನೀರು ಕುಡಿಸುವ, ಮುಖಕ್ಕೆ ನೀರು ಎರಚುವ ಕೆಲಸದಲ್ಲಿ ಕಾಲ ಕಳೆಯಬಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು, ಆಂಧ್ರದಲ್ಲೂ ಕರ್ನಾಟಕದಲ್ಲೂ ಆಂಬ್ಯುಲೆನ್ಸಿಗೆ ಅದೇ ಸಂಖ್ಯೆ. ಹೆಚ್ಚು ಹೊತ್ತು ಅದುಮಿಸಿಕೊಂಡು ಪಾರಾದವರು ಮೇಲುನೋಟಕ್ಕೆ ಚೆನ್ನಾಗಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ಜಜ್ಜಿದ ಸ್ನಾಯುಗಳಿಂದ ರಕ್ತಕ್ಕೆ ಸೇರುವ ವಸ್ತುಗಳು ಮುಂದಿನ ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳನ್ನು ಕೆಡಿಸುವುದುಂಟು. ಮೂತ್ರದ ಬಣ್ಣ ಕಾಫಿಯಂತೆ ಕಂದಾದರೆ ಅದು ಅದರ ಗುರುತು.